‘ಬೇಕಾ’ ಹೋಗಿ ‘ಬೇಕು’ ಬಂದ ದಿನ

ಆಟಿಸಂ ಇರುವ ಕನ್ನಡದ ಮಗು ಬಾಯಾರಿದಾಗ ಎಷ್ಟೋ ಸಲ "ನೀರು ಬೇಕಾ?" ಅನ್ನುತ್ತದೆ. ಅದು ನಮ್ಮನ್ನು ಕೇಳುತ್ತಿಲ್ಲ. ನೀರು ಸಿಗುವ ಮುಂಚೆ ಪ್ರತಿ ಸಲವೂ ಅದರ ಕಿವಿಗೆ ಬಿದ್ದದ್ದು ಅಮ್ಮನ "ನೀರು ಬೇಕಾ?" ಹಾಗಾಗಿ ನೀರು ತರಿಸುವ ಮಾತೇ ಅದು ಎಂದು ಮಗು ಹಿಡಿದುಕೊಂಡಿದೆ, ಅಮ್ಮನ ರಾಗದ ಸಮೇತ. ತಿಂಗಳುಗಟ್ಟಲೆ ಹೀಗೇ ಸಾಗಿ ಒಂದು ದಿನ ಕೊನೆಯ ಆ ‘ಆ’ ಕಳಚಿ "ನೀರು ಬೇಕು" ಎಂದು ಬರುತ್ತದೆ. ಬದಲಾದದ್ದು ಒಂದು ಸ್ವರ. ಕೇಳುವವರ ಮಾತು ಬೇರೆ, ತನ್ನ ಮಾತು ಬೇರೆ ಎಂಬುದು ಮಗುವಿಗೆ ಹೊಳೆದಿದೆ ಎನ್ನಲು ಆ ಒಂದು ಸ್ವರ ಸಾಕು.

ಅವತ್ತು ಮನೆಯಲ್ಲಿ ಪಾಯಸ ಆಗಬೇಕು. ಆಗುವುದು ಅಪರೂಪ. ಊರಿಗೆ ಫೋನ್ ಮಾಡಿ ಹೇಳಿದರೆ ಆ ಕಡೆಯಿಂದ ಬರುವುದು ಒಂದೇ ಪ್ರಶ್ನೆ: "ಮಾತು ಬಂತಾ?" ಇಲ್ಲಿ ಕ್ಯಾಲಿಫೋರ್ನಿಯಾದ ಶಾಲೆಯಲ್ಲಿ ಹೇಳಿದರೆ, "ಹತ್ತರಲ್ಲಿ ಎಷ್ಟು ಸಲ?" ಮೊದಲನೆಯದು ತೀರಾ ದೊಡ್ಡ ಪ್ರಶ್ನೆ, ಅದಕ್ಕೆ ವರ್ಷಗಟ್ಟಲೆ ಉತ್ತರ ‘ಇಲ್ಲ’ ಎಂದೇ ಇರುತ್ತದೆ. ಎರಡನೆಯದು ಕೆಲಸಕ್ಕೆ ಬರುವ ಪ್ರಶ್ನೆ, ಆದರೆ ಏನನ್ನು ಎಣಿಸುತ್ತಿದ್ದೇವೆ ಎಂದು ಅದು ಕೇಳಿಕೊಳ್ಳುವುದಿಲ್ಲ. ಮಗುವಿನ ಪ್ರಗತಿ ಎಂದು ಕೊಂಡಾಡಬೇಕಾದದ್ದು ಎರಡೇ ಎಂಬುದು ನನ್ನ ಖಚಿತ ಅಭಿಪ್ರಾಯ: ದೊಡ್ಡವರ ನೆರವು ಎಷ್ಟು ಇಳಿಯಿತು, ಮತ್ತು ತನಗೆ ಏನು ಬೇಕು, ಏನು ಬೇಡ ಎಂಬುದನ್ನು ಮಗು ಎಷ್ಟರಮಟ್ಟಿಗೆ ತಾನೇ ತಿಳಿಸುತ್ತಿದೆ. ಅದು ಉಳಿದ ಮಕ್ಕಳ ಹಾಗೆ ಎಷ್ಟು ಕಾಣುತ್ತಿದೆ ಎನ್ನುವುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಮೊದಲು ಇಲ್ಲಿಯ ಕ್ರಮ. ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣಕ್ಕೆ ಅಮೆರಿಕದಲ್ಲಿ 1975ರಲ್ಲೇ ಕಾನೂನು ಬಂತು. 1990ರಿಂದ ಅದರ ಹೆಸರು ‘ಐಡಿಯಾ’. ಮೂರು ವರ್ಷದೊಳಗಿನ ಮಕ್ಕಳಿಗೆ ಕ್ಯಾಲಿಫೋರ್ನಿಯಾದಲ್ಲಿ ‘ಅರ್ಲಿ ಸ್ಟಾರ್ಟ್’ ಎಂಬ ಸರ್ಕಾರಿ ಸೇವೆ ಇದೆ: ಮಗುವಿನ ಹೆಸರು ತಲುಪಿದ 45 ದಿನದೊಳಗೆ ಪರೀಕ್ಷೆ ಮುಗಿದು ಯೋಜನೆ ಕೈಗೆ ಬರಬೇಕು. ಮೂರು ತುಂಬಿದ ಮೇಲೆ ಹೊಣೆ ಶಾಲೆಯದು. ತಂದೆತಾಯಿ ಬರಹದಲ್ಲಿ ಕೇಳಿದರೆ 15 ದಿನದೊಳಗೆ ಪರೀಕ್ಷೆಯ ಯೋಜನೆ ಕೊಡಬೇಕು, ಅದಕ್ಕೆ ಸಹಿ ಹಾಕಿ ಕೊಟ್ಟ 60 ದಿನದೊಳಗೆ ಸಭೆ ಕರೆಯಬೇಕು (ದೀರ್ಘ ರಜೆಯ ದಿನಗಳು ಲೆಕ್ಕಕ್ಕಿಲ್ಲ). ಆ ಸಭೆಯಲ್ಲಿ ಬರೆಯುವುದೇ ಐಇಪಿ, ಅಂದರೆ ಆ ಒಂದು ಮಗುವಿಗೆಂದೇ ಮಾಡಿದ ಶಿಕ್ಷಣ ಯೋಜನೆ. ವರ್ಷಕ್ಕೊಮ್ಮೆ ಅದರ ಪರಿಶೀಲನೆ, ಮೂರು ವರ್ಷಕ್ಕೊಮ್ಮೆ ಮಗುವಿನ ಮರುಪರೀಕ್ಷೆ. ಸಭೆಗೆ ದುಭಾಷಿ ಬೇಕೆಂದರೆ ಶಾಲೆಯೇ ಒದಗಿಸಬೇಕು. ಮಗುವನ್ನು ಬಲ್ಲ ಯಾರನ್ನಾದರೂ ಜೊತೆಗೆ ಕರೆದೊಯ್ಯಬಹುದು, ಊರಿಂದ ಬಂದ ಅಜ್ಜಿಯನ್ನೂ.

ಆ ಕಾಗದದಲ್ಲಿ ಗುರಿ ಬರೆಯುವ ರೀತಿಯೊಂದಿದೆ, ಅದನ್ನು ನಮ್ಮವರು ಕಲಿಯಲೇಬೇಕು. "ಮಾತು ಸುಧಾರಿಸಬೇಕು" ಎಂದು ಅಲ್ಲಿ ಬರೆಯುವಂತಿಲ್ಲ. ಊಟದ ಹೊತ್ತಿನಲ್ಲಿ, ಚಿತ್ರವೋ ಸನ್ನೆಯೋ ಮಾತೋ ಯಾವುದನ್ನಾದರೂ ಬಳಸಿ, ಹೆಚ್ಚೆಂದರೆ ಒಂದು ಸನ್ನೆಯ ನೆರವಿನಿಂದ, ಐದರಲ್ಲಿ ನಾಲ್ಕು ಸಲ, ಸತತ ಮೂರು ದಿನ ಮಗು ತನಗೆ ಬೇಕಾದದ್ದನ್ನು ಕೇಳಬೇಕು, ಹೀಗೆ. ಎಲ್ಲಿ, ಹೇಗೆ, ಎಷ್ಟು ನೆರವಿನಿಂದ, ಎಷ್ಟು ಸಲ, ನಾಲ್ಕೂ ಒಂದೇ ವಾಕ್ಯದಲ್ಲಿ. ಹೀಗೆ ಬರೆದಾಗ ಸಂತೋಷಪಡಲು ಐದು ವರ್ಷ ಕಾಯಬೇಕಾಗಿಲ್ಲ. ಫೆಬ್ರುವರಿಯಲ್ಲಿ ಐದರಲ್ಲಿ ಒಂದಾಗಿದ್ದದ್ದು ಮೇ ತಿಂಗಳಿಗೆ ಮೂರಾಯಿತೆಂದರೆ ಅದು ಕಣ್ಣಿಗೆ ಕಾಣುತ್ತದೆ.

ಇಲ್ಲಿಯ ಕ್ರಮದ ದೋಷವೂ ಅಲ್ಲೇ ಇದೆ. ಎಣಿಸಲು ಸುಲಭವಾದದ್ದೇ ಗುರಿಯಾಗಿಬಿಡುತ್ತದೆ. ಕುರ್ಚಿಯಲ್ಲಿ ಹತ್ತು ನಿಮಿಷ ಕೂರುವುದು, ಹೆಸರು ಕರೆದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಕೈ ಆಡಿಸದೆ ಇರುವುದು. ಇವು ತರಗತಿ ನಡೆಸುವವರಿಗೆ ಅನುಕೂಲ, ಮಗುವಿನ ಬದುಕಿಗೆ ಇವುಗಳಿಂದ ಬರುವುದು ಕಡಿಮೆ. ಕಣ್ಣಲ್ಲಿ ಕಣ್ಣಿಟ್ಟರೆ ಮಾತು ಕೇಳಿಸಿಕೊಳ್ಳಲು ಆಗುವುದಿಲ್ಲ, ಎರಡರಲ್ಲಿ ಒಂದನ್ನು ಮಾತ್ರ ಮಾಡಬಲ್ಲೆವು ಎಂದು ಆಟಿಸಂ ಇರುವ ಎಷ್ಟೋ ವಯಸ್ಕರು ಹೇಳಿದ್ದಾರೆ. ಅಂಥವರೇ ಸೇರಿ 2006ರಲ್ಲಿ ಇಲ್ಲಿ ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್ ಎಂಬ ಸಂಘ ಕಟ್ಟಿಕೊಂಡರು. ಮಗು ಖುಷಿಯಾದಾಗ ಕೈ ಬಡಿದು ಕುಣಿದರೆ ಅದು ಅದರ ಚಪ್ಪಾಳೆ. ಅದನ್ನು ನಿಲ್ಲಿಸಿದ್ದನ್ನು ಪ್ರಗತಿ ಎಂದು ಬರೆದ ಕಾಗದಕ್ಕೆ ತಂದೆತಾಯಿ ಸಹಿ ಹಾಕಬಾರದು. ತನಗೋ ಇನ್ನೊಬ್ಬರಿಗೋ ಪೆಟ್ಟು ಮಾಡಿಕೊಳ್ಳುವ ಅಭ್ಯಾಸವಾದರೆ ಮಾತು ಬೇರೆ.

ಕರ್ನಾಟಕದ ಕಡೆ ಬಂದರೆ ಅಳತೆಯೇ ಕಾಣೆ. 45 ನಿಮಿಷ ಬಾಗಿಲು ಹಾಕಿಕೊಂಡು ಥೆರಪಿ, ಹೊರಗೆ ಬೆಂಚಿನ ಮೇಲೆ ಅಮ್ಮ, ಕೊನೆಗೆ ಒಂದು ಮಾತು: "ಪರವಾಗಿಲ್ಲ, ಇಂಪ್ರೂವ್‌ಮೆಂಟ್ ಇದೆ." ಆಗ ಕೇಳಬೇಕಾದದ್ದನ್ನು ಕೇಳಲು ನಮ್ಮವರು ಹಿಂಜರಿಯುತ್ತಾರೆ: ಯಾವುದರಲ್ಲಿ? ನೀವು ಕೈ ಹಿಡಿದು ಮಾಡಿಸಿದಿರಾ, ಬೆರಳು ತೋರಿಸಿದಿರಾ, ತಾನೇ ಮಾಡಿತಾ? ಮನೆಯಲ್ಲಿ ಇದನ್ನು ಯಾವಾಗ, ಯಾವುದರ ಜೊತೆ ಮಾಡಲಿ? ಕೇಳಿದರೆ ಒಳ್ಳೆಯ ಥೆರಪಿಸ್ಟ್ ಮುಖ ಗಂಟಿಕ್ಕುವುದಿಲ್ಲ. ತಾಯಿಗೇ ಕಲಿಸಿ ಅವಳ ಕೈಯಲ್ಲೇ ಮಾಡಿಸುವ ಪದ್ಧತಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಬಹಳ ಕಾಲದಿಂದ ಇದೆ. ಬೆಂಗಳೂರಿನಲ್ಲಿ ವಾಕ್ ತಜ್ಞೆ ಪ್ರತಿಭಾ ಕಾರಂತ್ ಅವರು ರೂಪಿಸಿದ ಕಮ್ಯೂನಿಕೇಶನ್ ಡೀಲ್ ಕ್ರಮದಲ್ಲಿ ಓಡಾಟ, ಬೆರಳ ಕೆಲಸ, ದಿನನಿತ್ಯದ ಕೆಲಸ, ಅರ್ಥ ಮಾಡಿಕೊಳ್ಳುವುದು, ಹೇಳುವುದು ಎಂದು ಬೇರೆ ಬೇರೆ ಮಾಡಿ ನೋಡುವ ಪಟ್ಟಿಗಳಿವೆ. ಅಳೆಯುವ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ, ಅದು ಮನೆಯವರೆಗೆ ಬಂದಿಲ್ಲ.

ಆಟಿಸಂ ಎಷ್ಟಿದೆ ಎಂದು ನೋಡಲು ಭಾರತದಲ್ಲಿ ಸರ್ಕಾರಿ ಅಳತೆಯೊಂದಿದೆ, ಇಸಾ ಎನ್ನುತ್ತಾರೆ. 40 ಅಂಶ, ಒಂದೊಂದಕ್ಕೆ 1ರಿಂದ 5. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು, ಪ್ರಮಾಣಪತ್ರ ಸಿಗುವುದು ಈ ಅಂಕದ ಮೇಲೆ. ಅದು ಇರುವುದು ಸೌಲಭ್ಯಕ್ಕಾಗಿ. ಅಲ್ಲಿ ಎಣಿಸುವುದೆಲ್ಲ ಕೊರತೆ. ಆ ಅಂಕ ಇಳಿಯಲಿಲ್ಲ ಎಂದು ಕೊರಗುವುದು ಬೇಡ, ಮಗು ಕಳೆದ ವರ್ಷ ಕಲಿತದ್ದರಲ್ಲಿ ಬಹುಪಾಲನ್ನು ಹಿಡಿಯುವಷ್ಟು ಸಣ್ಣ ಕಣ್ಣಿನ ಜರಡಿ ಅದಲ್ಲ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ಬೆಳವಣಿಗೆ ಪಟ್ಟಿಯ ವಿಷಯವೂ ಅಷ್ಟೇ. 2022ರಲ್ಲಿ ಅದನ್ನು ತಿದ್ದಿ, ಆಯಾ ವಯಸ್ಸಿನ ನೂರರಲ್ಲಿ 75 ಮಕ್ಕಳಾದರೂ ಮಾಡುವುದನ್ನು ಮಾತ್ರ ಇಟ್ಟುಕೊಂಡರು. ಯಾವ ಮಗುವನ್ನು ಡಾಕ್ಟರಿಗೆ ತೋರಿಸಬೇಕು ಎಂದು ಗೊತ್ತಾಗಲು ಆ ಪಟ್ಟಿ. ತೋರಿಸಿಯಾಗಿದೆ, ಹೆಸರು ಗೊತ್ತಾಗಿದೆ ಎಂದಮೇಲೆ ಅದನ್ನು ಫ್ರಿಜ್ಜಿನ ಬಾಗಿಲಿಂದ ತೆಗೆದುಬಿಡಿ. ದಿನಾ ಅದನ್ನು ನೋಡುತ್ತಾ ಮಗುವನ್ನು ಅಪ್ಪಿಕೊಳ್ಳಲು ಆಗುವುದಿಲ್ಲ.

ಅದರ ಜಾಗದಲ್ಲಿ ಒಂದು ನೋಟ್ ಪುಸ್ತಕ ಸಾಕು. ಮೂರು ಕಾಲಂ: ತಾರೀಖು, ಕೆಲಸ, ನೆರವು. ಒಮ್ಮೆಗೆ ಎರಡು ಮೂರು ಕೆಲಸ ಮಾತ್ರ. ನೆರವಿಗೆ ಮೆಟ್ಟಿಲುಗಳಿವೆ. ಮಗುವಿನ ಕೈಮೇಲೆ ಕೈಯಿಟ್ಟು ಪೂರ್ತಿ ಮಾಡಿಸುವುದು ಕೆಳಗಿನದು. ಮೊಣಕೈಯನ್ನು ತುಸು ಮುಂದಕ್ಕೆ ತಳ್ಳಿ ಬಿಡುವುದು ಅದರ ಮೇಲಿನದು. ಆಮೇಲೆ ನಾವು ಮಾಡಿ ತೋರಿಸುವುದು, ಆಮೇಲೆ ಬೆರಳು ತೋರಿಸುವುದು, ಕೊನೆಗೆ ಮನಸ್ಸಲ್ಲೇ ಐದು ಎಣಿಸುತ್ತಾ ಸುಮ್ಮನೆ ಕಾಯುವುದು. ಬಾಯಲ್ಲಿ ಹೇಳಿಕೊಡುವುದನ್ನು ಈ ಏಣಿಯಿಂದ ಬೇಕೆಂದೇ ಹೊರಗಿಟ್ಟಿದ್ದೇನೆ. ಕೈಯ ನೆರವನ್ನು ದಿನಕ್ಕಿಷ್ಟು ಎಂದು ಸಡಿಲಿಸಬಹುದು, ಬಾಯಿಯ ನೆರವನ್ನು ಬಿಡಿಸುವುದು ಕಷ್ಟ. "ಎಳ್ಕೋ, ಮೇಲೆ ಎಳ್ಕೋ, ಇನ್ನೊಂಚೂರು" ಎಂದು ಹೇಳುತ್ತಲೇ ಇದ್ದರೆ ಮಗು ಮುಂದಿನ ಹೆಜ್ಜೆಗೆಲ್ಲ ಆ ದನಿಗಾಗಿ ಕಾದು ನಿಲ್ಲುತ್ತದೆ. "ಹೇಳು" ಎನ್ನುವ ಪದದ ಗತಿಯೂ ಅದೇ. "ನೀರು ಬೇಕು ಹೇಳು, ಹೇಳು" ಎಂದು ಆರು ತಿಂಗಳು ಒತ್ತಾಯಿಸಿದ ಮನೆಯಲ್ಲಿ ಮಗು "ನೀರು ಬೇಕು ಹೇಳು" ಎಂದೇ ನೀರು ಕೇಳುತ್ತದೆ.

ಚಡ್ಡಿ ಹಾಕಿಕೊಳ್ಳುವುದನ್ನೇ ನೋಡಿ. ಲಾಡಿ, ಗುಂಡಿ, ಜಿಪ್ಪು ಯಾವುದೂ ಇಲ್ಲದ, ಸಡಿಲ ಎಲಾಸ್ಟಿಕ್ಕಿನ, ಒಂದು ಅಳತೆ ದೊಡ್ಡ ಚಡ್ಡಿ ಬೇಕು. ಕೂರುವುದು, ಬಲಗಾಲು, ಎಡಗಾಲು, ಮಂಡಿಯವರೆಗೆ, ಎದ್ದು ನಿಲ್ಲುವುದು, ತೊಡೆಯವರೆಗೆ, ಸೊಂಟದವರೆಗೆ, ಒಟ್ಟು ಏಳು ಹೆಜ್ಜೆ. ಕಲಿಸುವುದು ಕೊನೆಯಿಂದ. ಆರು ಹೆಜ್ಜೆ ನೀವೇ ಮಾಡಿ, ಚಡ್ಡಿ ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗಿರುವಾಗ ಕೈ ಬಿಡಿ. ಆ ನಾಲ್ಕು ಬೆರಳನ್ನು ಮಗು ಏರಿಸಬೇಕು. ಮೊದಲಿಂದ ಕಲಿಸಿದರೆ ಮಗು ಕಾಲು ತೂರಿಸಿದ ಮೇಲೆ ಉಳಿದದ್ದನ್ನು ಬೇರೆಯವರು ಮುಗಿಸುತ್ತಾರೆ, ಮುಗಿಸಿದ ಖುಷಿ ಅದರ ಕೈಗೆ ಸಿಗುವುದೇ ಇಲ್ಲ. ಕೊನೆಯಿಂದ ಕಲಿಸಿದರೆ ದಿನಾ ಅದೇ ಮುಗಿಸುತ್ತದೆ. ಎಡವಟ್ಟಾಗುವುದು ಹಿಂದುಗಡೆ: ಮಕ್ಕಳು ಮುಂದಿನಿಂದಷ್ಟೇ ಎಳೆಯುತ್ತವೆ, ಎಲಾಸ್ಟಿಕ್ ಕುಂಡೆಯ ಕೆಳಗೇ ಸಿಕ್ಕಿಕೊಳ್ಳುತ್ತದೆ, ಮಗು ರೇಗಿ ಬಿಟ್ಟುಬಿಡುತ್ತದೆ. ಎರಡೂ ಹೆಬ್ಬೆರಳನ್ನು ಎಲಾಸ್ಟಿಕ್ಕಿನ ಒಳಗೆ ಪಕ್ಕದಲ್ಲಿ ಇರಿಸಿ, ಅಲ್ಲಿಂದ ಹಿಂದಕ್ಕೆ ಜಾರಿಸಿ, ಆಮೇಲೆ ಮೇಲಕ್ಕೆ ಎಂದು ಕೈಮೇಲೆ ಕೈಯಿಟ್ಟು ತೋರಿಸಬೇಕು. ನೀವು ಮಗುವಿನ ಹಿಂದೆ ನಿಂತಿರಬೇಕು. ಎದುರು ನಿಂತರೆ ಮಗು ಮುಖ ನೋಡುತ್ತದೆ, ಕೈ ನೋಡುವುದಿಲ್ಲ. ಮೂರು ನಾಲ್ಕು ದಿನ ನೆರವಿಲ್ಲದೆ ಆದಮೇಲೆ ತೊಡೆಯಿಂದ ಬಿಡಿ, ಆಮೇಲೆ ಮಂಡಿಯಿಂದ. ಇಡೀ ಏಳು ಹೆಜ್ಜೆಗೆ ಆರು ತಿಂಗಳೂ ಹಿಡಿಯಬಹುದು. ಪುಸ್ತಕದಲ್ಲಿ ಮಾತ್ರ ವಾರವಾರವೂ ಏನಾದರೊಂದು ಇಳಿದಿರುತ್ತದೆ. ಪ್ರತಿ ತಿಂಗಳ ಒಂದನೇ ತಾರೀಖು ಅದೇ ಜಾಗದಲ್ಲಿ ಹತ್ತು ಸೆಕೆಂಡಿನ ವಿಡಿಯೊ ತೆಗೆದಿಡಿ, ಕೈ ಮಾತ್ರ ಕಾಣುವ ಹಾಗೆ. ಆರನೆಯದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿದ ತಾಯಿಗೆ ಬೇರೆಯವರು ಸಮಾಧಾನ ಹೇಳಬೇಕಾಗಿಲ್ಲ.

ಈಗ ಕೊಂಡಾಡುವ ಬಗೆ. ಇದರಲ್ಲಿ ಎರಡೂ ಕಡೆಯವರು ಎಡವುತ್ತಾರೆ. ಮಗು ಮೊದಲ ಸಲ ಕಮೋಡಿನಲ್ಲಿ ಉಚ್ಚೆ ಮಾಡಿತು, ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು, ಮರುದಿನದಿಂದ ಮಗು ಬಾತ್‌ರೂಮಿನ ಹತ್ತಿರಕ್ಕೇ ಬರುತ್ತಿಲ್ಲ. ಹೀಗಾಗುವುದು ಅಪರೂಪವಲ್ಲ. ಟೈಲ್ಸ್ ಹಾಕಿದ ಸಣ್ಣ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ದುಪ್ಪಟ್ಟಾಗುತ್ತದೆ. ಸದ್ದನ್ನು ತಡೆಯಲಾಗದ ಕಿವಿಗೆ ಅದು ಏಟು. ‘ಇಲ್ಲಿ ಉಚ್ಚೆ ಮಾಡಿದರೆ ಏಟು ಬೀಳುತ್ತದೆ’ ಎಂದೇ ಮಗು ಕಲಿಯಿತು. ಇಲ್ಲಿಯ ಶಾಲೆಗಳಲ್ಲಿ ಅಷ್ಟು ಗದ್ದಲವಿಲ್ಲ, ಬದಲಿಗೆ "ಗುಡ್ ಜಾಬ್". ಅರ್ಧ ಗಂಟೆಗೆ ಮೂವತ್ತು ಸಲ ಅದನ್ನೇ ಅಂದರೆ ಗೋಡೆ ಗಡಿಯಾರದ ಟಿಕ್ ಟಿಕ್ ಹಾಗೆ ಅದು ಯಾರಿಗೂ ಕೇಳಿಸುವುದಿಲ್ಲ. ಮಗು ಮಾಡಿದ ಕೆಲಸವನ್ನೇ ತಗ್ಗಿದ ದನಿಯಲ್ಲಿ, ತಕ್ಷಣ, ಒಂದೇ ಸಲ ಹೇಳಿ: "ನೀನೇ ಏರಿಸ್ಕೊಂಡೆ." ಜೊತೆಗೆ ಅದಕ್ಕೆ ಹಿತವಾದದ್ದೊಂದು. ಕೆಲವಕ್ಕೆ ಭುಜ ಗಟ್ಟಿಯಾಗಿ ಒತ್ತಿದರೆ ಹಿತ, ಕೆಲವಕ್ಕೆ ಎರಡು ನಿಮಿಷ ನಲ್ಲಿ ನೀರಿನಲ್ಲಿ ಕೈಯಾಡಿಸಿದರೆ ಹಿತ, ಕೆಲವಕ್ಕೆ ಯಾರೂ ಮುಟ್ಟದೆ ಬಿಟ್ಟರೆ ಹಿತ. ಹುಟ್ಟುಹಬ್ಬದ ಆರತಿಗೂ ಇದೇ ಮಾತು. ಹಣೆಗೆ ತಾಗುವ ಒದ್ದೆ ಕುಂಕುಮವನ್ನು ಸಹಿಸದ ಮಗುವಿಗೆ ಒಣ ಕುಂಕುಮವನ್ನು ಅಂಗೈಯ ಹಿಂಭಾಗಕ್ಕೆ ಮುಟ್ಟಿಸಿ, ಆರತಿ ತಟ್ಟೆಯನ್ನು ಒಂದು ಮಾರು ದೂರದಲ್ಲೇ ಬೆಳಗಿ, ಹಾಡನ್ನು ಒಬ್ಬರೇ ಮೆಲ್ಲಗೆ ಹೇಳಿ. ಹಬ್ಬ ಮಗುವಿನದಲ್ಲವೇ.

ಕೊಂಡಾಡಿದ ಮರುಗಳಿಗೆಯೇ ಗೆರೆ ಏರಿಸುವುದು ಇನ್ನೊಂದು ತಪ್ಪು. "ಬೇಕು" ಎಂದಿತೋ ಇಲ್ಲವೋ "ದೋಸೆ ಬೇಕು ಅನ್ನು", ಅದನ್ನೂ ಅಂದರೆ "ನಂಗೆ ದೋಸೆ ಬೇಕು ಅನ್ನು". ಒಂದು ಮಾತಾಡಿದ್ದಕ್ಕೆ ಸಿಕ್ಕ ಬಹುಮಾನ ಮೂರು ಮಾತಾಡುವ ಕೆಲಸ ಎಂದಾದರೆ ಯಾವ ಮಗು ಬಾಯಿ ಬಿಡುತ್ತದೆ? ಬಂದ ಒಂದು ಮಾತು ಎರಡು ವಾರವಾದರೂ ಅದೇ ಗೆರೆಯಲ್ಲಿ, ಅಮ್ಮನ ಜೊತೆ, ಅಪ್ಪನ ಜೊತೆ, ಮನೆಯಲ್ಲಿ, ಅಂಗಡಿಯಲ್ಲಿ ಚಲಾವಣೆಯಾಗಲಿ.

ಕನ್ನಡದ ಬಗ್ಗೆ ಒಂದು ವಿಷಯವನ್ನು ಒತ್ತಿ ಹೇಳಬೇಕು. ನಮ್ಮ ಕ್ರಿಯಾಪದಗಳು ಆಡುವವರನ್ನು ನೋಡಿ ಬಾಲ ಬದಲಿಸುತ್ತವೆ: ಹೋಗ್ತೀನಿ, ಹೋಗ್ತೀಯ, ಹೋಗ್ತಾನೆ. ಕೇಳಿದ್ದನ್ನು ಹಾಗೇ ಮರಳಿಸುವ ಮಗು "ಪಾರ್ಕಿಗೆ ಹೋಗ್ತೀಯಾ?" ಎಂದು ತನ್ನ ಆಸೆಯನ್ನೇ ಹೇಳುವುದು ಇದರಿಂದ. ಆದರೆ ಬೇಕು, ಬೇಡ, ಸಾಕು, ಗೊತ್ತು, ಇಲ್ಲ, ಇವಕ್ಕೆ ಬಾಲವೇ ಇಲ್ಲ. ಯಾರು ಆಡಿದರೂ ಅದೇ ರೂಪ. ಗಂಡು ಹೆಣ್ಣು, ನಾನು ನೀನು ಯಾವ ತೊಡಕೂ ಇಲ್ಲ. ಮೊದಲ ಮಾತುಗಳಾಗಿ ಇವುಗಳಿಗಿಂತ ಒಳ್ಳೆಯವು ಎಲ್ಲಿ ಸಿಗಬೇಕು! ಮನೆಯವರು ಮಾಡಬೇಕಾದದ್ದು ಇಷ್ಟು: ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ, ಮಗು ಆಡಬೇಕಾದ ಸಾಲನ್ನೇ ಆಡುವುದು. ಲೋಟ ಎತ್ತಿ "ನೀರು ಬೇಕಾ?" ಎನ್ನುವ ಬದಲು, ಮಗು ಲೋಟದ ಕಡೆ ಕೈ ಚಾಚಿದಾಗ ಅದರ ಪರವಾಗಿ "ನೀರು ಬೇಕು" ಎಂದು ಹೇಳಿ ಲೋಟ ಕೊಡುವುದು. ಮಗು ಮರಳಿಸುವುದಾದರೆ ಸರಿಯಾದದ್ದನ್ನೇ ಮರಳಿಸಲಿ. ಹೀಗೆ ಮರಳಿಸುವುದನ್ನು ಅರ್ಥವಿಲ್ಲದ ಗಿಳಿಪಾಠ ಎಂದು ಹಿಂದೆ ತಳ್ಳಿಹಾಕುತ್ತಿದ್ದರು. ಈಗ ಹಾಗಿಲ್ಲ, ಅದು ಎಷ್ಟೋ ಮಕ್ಕಳು ಮಾತಿಗೆ ಬರುವ ದಾರಿ.

ಹೊರನಾಡಿನ ಕುಟುಂಬಗಳು ಇಲ್ಲೇ ದೊಡ್ಡದನ್ನು ಕಳೆದುಕೊಳ್ಳುವುದು. "ಎರಡು ಭಾಷೆ ಬೇಡ, ಗೊಂದಲವಾಗುತ್ತೆ, ಇಂಗ್ಲಿಷ್ ಒಂದೇ ಮಾತಾಡಿ" ಎನ್ನುವ ಸಲಹೆ ಈಗಲೂ ಕೇಳಿಬರುತ್ತದೆ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳು ಅದರಿಂದಾಗಿ ಮಾತಿನಲ್ಲಿ ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅಪ್ಪ ಅಮ್ಮ ತಮಗೆ ಸಲೀಸಲ್ಲದ ಭಾಷೆಯಲ್ಲಿ ಮಾತಾಡತೊಡಗಿದರೆ ಅವರ ಮಾತೇ ಕಡಿಮೆಯಾಗುತ್ತದೆ, ಲಾಲಿ ಇಲ್ಲ, ಮುದ್ದು ಇಲ್ಲ, ಬರೀ ಅಪ್ಪಣೆ. ಅದಕ್ಕಿಂತ ನೋವಿನ ಸಂಗತಿ, ಮಗು ಕಲಿತ ಮೊದಲ ಹತ್ತು ಮಾತು ಅಜ್ಜ ಅಜ್ಜಿಗೆ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ‘ಮೋರ್’ ಕಲಿಸುತ್ತಿದ್ದರೆ ಮನೆಯಲ್ಲಿ ‘ಇನ್ನೂ’ ಇರಲಿ, ‘ಆಲ್ ಡನ್’ ಇದ್ದರೆ ‘ಆಯ್ತು’. ಆ ಜೋಡಿ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಟೀಚರಿಗೂ ಕೊಡಿ. ಸ್ಪೀಚ್ ಥೆರಪಿಸ್ಟ್ ‘ಬೇಕು’ ಕೇಳಿಸಿಕೊಂಡು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಐಇಪಿಯಲ್ಲೇ ಬರೆಸಬಹುದು.

ಬಾಯಲ್ಲಿ ಬರದಿದ್ದರೆ? ಆಗಲೂ ಹಬ್ಬವೇ. ಚಿತ್ರ ಕೊಟ್ಟು ಕೇಳುವ ಪೆಕ್ಸ್ ಪದ್ಧತಿ 1985ರಲ್ಲಿ ಇಲ್ಲಿಯ ಡೆಲವೇರ್‌ನಲ್ಲಿ ಶುರುವಾಯಿತು. ಅದರ ಮೊದಲ ಹಂತಕ್ಕೆ ಇಬ್ಬರು ಬೇಕು, ಮತ್ತು ಇಲ್ಲಿಯ ಮನೆಗಳಲ್ಲಿ ಇಲ್ಲದಿರುವುದೂ ಆ ಎರಡನೆಯವರೇ. ಊರಿನ ಮನೆಯಲ್ಲಿ ಅತ್ತೆ, ಚಿಕ್ಕಪ್ಪ, ಅಜ್ಜಿ ಯಾರಾದರೊಬ್ಬರು ಕೈಗೆ ಸಿಗುತ್ತಾರೆ. ಎರಡು ಅಂಗುಲ ಚೌಕದ ಚಕ್ಕುಲಿಯ ಫೋಟೊ, ಲ್ಯಾಮಿನೇಟ್ ಮಾಡಿಸಿ ಹಿಂದೆ ವೆಲ್ಕ್ರೊ ಅಂಟಿಸಿದ್ದು. ನಿಜವಾದ ಚಕ್ಕುಲಿಯನ್ನು ಉಗುರಿನಷ್ಟು ಚೂರು ಮಾಡಿ ಒಬ್ಬರು ಎದುರು ಕೂರಬೇಕು, ಇನ್ನೊಬ್ಬರು ಮಗುವಿನ ಬೆನ್ನ ಹಿಂದೆ. ಎದುರಿನವರು ಚೂರನ್ನು ತೋರಿಸಿ ಸುಮ್ಮನಿರುತ್ತಾರೆ, "ಏನು ಬೇಕು?" ಎಂದು ಕೇಳಲೇಬಾರದು. ಮಗು ಕೈ ಚಾಚಿದಾಗ ಹಿಂದಿನವರು ಮಾತಾಡದೆ ಆ ಕೈಯನ್ನು ಫೋಟೊ ಕಡೆ ತಿರುಗಿಸಿ, ಅದನ್ನು ಎತ್ತಿಸಿ, ಎದುರಿನ ಅಂಗೈಯಲ್ಲಿ ಇಡಿಸುತ್ತಾರೆ. ಇಟ್ಟ ಕ್ಷಣವೇ "ಚಕ್ಕುಲಿ!" ಎಂದು ಚೂರು ಮಗುವಿನ ಕೈಗೆ. ಇಡೀ ಚಕ್ಕುಲಿ ಕೊಟ್ಟರೆ ಒಂದೇ ಸಲಕ್ಕೆ ಮುಗಿಯಿತು. ಚೂರಾದರೆ ಇಪ್ಪತ್ತು ಅವಕಾಶ. ಕೆಲವು ಸಲಕ್ಕೇ ಹಿಂದಿನವರ ಕೈ ಹಗುರಾಗುತ್ತಾ ಬರಬೇಕು. ಇದು ಕೆಡುವುದು ಮೂರು ಕಾರಣಕ್ಕೆ: ಹೊಟ್ಟೆ ತುಂಬಿದ ಮೇಲೆ ಮಾಡಿಸುವುದು, ಎದುರಿನವರು ಬೇಗ ಕೈ ಚಾಚಿ ಸನ್ನೆ ಮಾಡಿಬಿಡುವುದು, ಆಟ ಮುಗಿದ ಮೇಲೆ ಫೋಟೊಗಳನ್ನು ಡ್ರಾಯರಿನಲ್ಲಿಟ್ಟು ಮುಚ್ಚುವುದು. ಕೊನೆಯದು ಬಾಯಿಗೆ ಬೀಗ ಹಾಕಿದ ಹಾಗೆ. ಚಿತ್ರವೋ, ಚಿತ್ರ ಒತ್ತಿದರೆ ಮಾತಾಡುವ, ಚೆನ್ನೈಯಲ್ಲಿ ಹುಟ್ಟಿದ ಆವಾಜ್‌ನಂಥ ಆ್ಯಪೋ ಬಳಸಿದರೆ ಮಗು ಮಾತಾಡುವುದನ್ನೇ ಬಿಡುತ್ತದೆ ಎಂಬ ಭಯ ಬೇಡ. ಅದು ಮಾತನ್ನು ತಡೆಯುವುದಿಲ್ಲ, ಕೆಲವರಲ್ಲಿ ಮಾತು ಹೆಚ್ಚಿರುವುದೂ ಉಂಟು. ತೋರಿಸಿದ್ದು ಚಿತ್ರವಾದರೂ ಕೇಳಿದ್ದು ಮಗುವೇ. "ಮಾತು ಬಂತಾ?" ಎಂದು ಊರಿಂದ ಕೇಳಿದರೆ ಧೈರ್ಯವಾಗಿ "ಬಂತು" ಅನ್ನಿ.

ಬಂದ ಪ್ರಗತಿಯ ಶ್ರೇಯಸ್ಸು ತಪ್ಪು ವಿಳಾಸಕ್ಕೆ ಹೋಗುವುದು ಎರಡೂ ಕಡೆ ಇದೆ. ಊರಲ್ಲಿ ನಾಲಿಗೆಗೆ ತೇದು ಹಚ್ಚಿದ ಬಜೆ, ಹರಕೆ. ಇಲ್ಲಿ ಗೋಧಿ ಹಾಲು ಬಿಡಿಸಿದ ಪಥ್ಯ, ಡಬ್ಬಿಗಟ್ಟಲೆ ಮಾತ್ರೆ. ಹರಕೆಯಿಂದ ಕೇಡಿಲ್ಲ, ಮನಸ್ಸಿಗೆ ಬಲ. ಲಕ್ಷಗಟ್ಟಲೆ ಸುರಿದು ಮಾಡಿಸುವ ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಆಟಿಸಂ ಮಕ್ಕಳಿಗೆ ಪ್ರಯೋಜನವಿದೆ ಎನ್ನಲು ಪುರಾವೆ ಇಲ್ಲ, ಅಪಾಯವಂತೂ ಇದೆ. ಮಗು ಮೂರರಿಂದ ಐದಕ್ಕೆ ತಾನಾಗಿಯೂ ಬೆಳೆಯುತ್ತಿರುತ್ತದೆ. ಒಂದೇ ತಿಂಗಳಲ್ಲಿ ನಾಲ್ಕು ಹೊಸದನ್ನು ಶುರು ಮಾಡಿದರೆ ಯಾವುದರಿಂದ ಏನಾಯಿತು ಎಂದು ದೇವರೇ ಹೇಳಬೇಕು. ಒಮ್ಮೆಗೆ ಒಂದು ಬದಲಾವಣೆ, ಪುಸ್ತಕದಲ್ಲಿ ಅದರ ತಾರೀಖು.

ಬೇಸಿಗೆ ರಜೆಗೆ ಊರಿಗೆ ಹೋದಾಗ ಕಲಿತದ್ದು ಜಾರುತ್ತದೆ. ಹನ್ನೆರಡೂವರೆ ಗಂಟೆಯ ವ್ಯತ್ಯಾಸ, ಕೆಟ್ಟ ನಿದ್ದೆ, ಕುಕ್ಕರ್ ಸೀಟಿ, ಸದಾ ಒದ್ದೆ ಇರುವ ಬಚ್ಚಲು. ಮಗು ಮರೆತಿತು ಎಂದು ಅಳಬೇಡಿ. ಪುಸ್ತಕ ತೆಗೆದು ಏಣಿಯಲ್ಲಿ ಒಂದು ಮೆಟ್ಟಿಲು ಕೆಳಗಿಂದ ಶುರು ಮಾಡಿ, ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಬೇಗ ಬರುತ್ತದೆ. ದಿನಾ ಬಳಸುವ ಲೋಟ, ದಿಂಬಿನ ಕವರು, ಚಿತ್ರಗಳ ಪುಸ್ತಕ, ಕಿವಿಗೆ ಹಾಕುವ ಮಫ್, ಇವು ಕೈಚೀಲದಲ್ಲೇ ಇರಲಿ. ರಜೆಯಲ್ಲಿ ಜಾರಿ, ಮತ್ತೆ ಹಿಡಿತಕ್ಕೆ ಬರಲು ಬಹಳ ಕಾಲ ಬೇಕಾಗುವ ಮಕ್ಕಳಿಗೆ ಇಲ್ಲಿಯ ಶಾಲೆ ರಜೆಯಲ್ಲೂ ಪಾಠ ಮುಂದುವರಿಸಬೇಕು ಎಂಬ ನಿಯಮವಿದೆ. ವಸಂತ ಕಾಲದ ಸಭೆಯಲ್ಲೇ ಅದನ್ನು ಕೇಳಿ, ಜೂನ್‌ನಲ್ಲಿ ಕೇಳಿದರೆ ತಡವಾಯಿತು.

ಹಾಗೆಂದು ಊರಿಗೆ ಹೋಗುವುದನ್ನು ಬಿಡಬಾರದು. ಕಲಿತದ್ದು ಕಲಿತದ್ದು ಎನಿಸುವುದು ಬೇರೆ ಜಾಗದಲ್ಲಿ, ಬೇರೆಯವರ ಜೊತೆ ಬಂದಾಗ. ಅದಕ್ಕೆ ಐವತ್ತು ಜನ ಬಂದುಹೋಗುವ ಮನೆಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ತಡೆಯಬೇಕಾದದ್ದು ಪ್ರದರ್ಶನ. "ಮಾಮಂಗೆ ಹೇಳ್ ಪುಟ್ಟಾ, ನೀರು ಬೇಕು ಅನ್ನು" ಎಂದು ಬಂದವರ ಮುಂದೆ ಹೇಳಿಸಬೇಡಿ. ಬಾಯಾರಿಕೆ ಇಲ್ಲದೆ ಆಡಿಸಿದ ಮಾತಿಗೆ ನೀರಿನ ನಂಟು ಕಡಿದುಹೋಗುತ್ತದೆ. ಅಳುವ, ಹೊರಳಾಡುವ, ಬಟ್ಟೆಯಿಲ್ಲದ ವಿಡಿಯೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಕೂಡದು. ನಾಳೆ ಆ ಮಗು ದೊಡ್ಡವನಾಗಿ ಅದನ್ನು ನೋಡುತ್ತಾನೆ.

ಇನ್ನೊಂದು ವಿಷಯವನ್ನು ಹೊರಡುವ ಮುಂಚೆ ಅಜ್ಜಿಗೆ ಫೋನಿನಲ್ಲೇ ಹೇಳಿಡಬೇಕು. ನಮ್ಮ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದವರಿಗೆ "ಒಂದೇ ಒಂದು" ಎಂದು ಇನ್ನೊಂದು ಬಡಿಸುವುದೇ ಉಪಚಾರ. ‘ಸಾಕು’ ಎಂದರೆ ನಿಜವಾಗಿ ಸಾಕು ಅಲ್ಲ ಎಂಬುದು ನಮಗೆಲ್ಲ ಹುಟ್ಟಿನಿಂದ ಗೊತ್ತು. ಆಟಿಸಂ ಇರುವ ಮಗುವಿಗೆ ಅದು ಗೊತ್ತಿಲ್ಲ. ಅದರ ‘ಸಾಕು’ ಎಂದರೆ ಸಾಕು. ಎರಡು ವರ್ಷ ತಟ್ಟೆ ಎಸೆದು, ಕೈ ಕಚ್ಚಿಕೊಂಡು ಹೇಳುತ್ತಿದ್ದದ್ದನ್ನು ಈಗ ಎರಡಕ್ಷರದಲ್ಲಿ ಹೇಳುತ್ತಿದೆ. ಎರಡು ದೋಸೆ ತಿಂದು ಅದು "ಸಾಕು" ಅಂದಾಗ ಮೂರನೆಯದನ್ನು ಪ್ರೀತಿಯಿಂದಲೇ ಬಡಿಸಿದರೂ ಆ ಮಾತು ಕೆಲಸ ಮಾಡಲಿಲ್ಲ ಎಂದಾಗುತ್ತದೆ, ತಟ್ಟೆ ಮತ್ತೆ ಹಾರುತ್ತದೆ. ಆದ್ದರಿಂದ ಅಜ್ಜಿ, ಕಾವಲಿಯಿಂದ ಎದ್ದ ಗರಿಗರಿ ದೋಸೆ ಮೊಗಚೆಕೈ ಮೇಲೇ ಇದ್ದರೂ ಅದು ಅಲ್ಲೇ ನಿಲ್ಲಲಿ. "ಸಾಕಾ? ಸರಿ ಪುಟ್ಟಾ" ಎಂದೂ ಬೇಡ, ಅದು ಮತ್ತೆ ಪ್ರಶ್ನೆಯಾಯಿತು. "ಸಾಕು" ಎಂದಷ್ಟೇ ನೀವೂ ಹೇಳಿ, ತಟ್ಟೆ ತೆಗೆದುಕೊಳ್ಳಿ.